ಫ್ಯಾನ್ ಕಂಪನಿ ಊರಿಗೆ ಕೊಡಬೇಕಾದದ್ದು ಯಾವುದು, ಕೊಡುವುದು ಯಾವುದು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ಭಾಗಕ್ಕೆ ದೊಡ್ಡ ಕಂಪನಿಯೊಂದರ 100 ಮೆಗಾವ್ಯಾಟ್ ಪವನ ವಿದ್ಯುತ್ ಯೋಜನೆ ಬರುತ್ತಿದೆ. ಒಟ್ಟು 30 ಫ್ಯಾನ್‌ಗಳಲ್ಲಿ (ಗಾಳಿಯಂತ್ರಗಳಲ್ಲಿ) 9 ನಮ್ಮ ಪಂಚಾಯಿತಿಯ ಹೊಲಗಳಲ್ಲಿ. ಲೀಸ್ ಮಾತುಕತೆ ಬಹುತೇಕ ಮುಗಿದಿದೆ, ಈಗ ಪಂಚಾಯಿತಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೇಳುತ್ತಿದ್ದಾರೆ. ಶಾಲೆಗೆ ಎರಡು ಕೋಣೆ, ಶುದ್ಧ ನೀರಿನ ಘಟಕ, ಆರೋಗ್ಯ ಶಿಬಿರ ಮಾಡಿಕೊಡುತ್ತೇವೆ ಅಂದಿದ್ದಾರೆ. ಊರಲ್ಲಿ ಮೂರು ಮಾತು. "ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ನಮ್ಮೂರಿಗೇ ಕೊಡಬೇಕು ಅಂತ ಕಾನೂನಿದೆ" ಎನ್ನುವವರು ಕೆಲವರು. "ಗುಡಿ ಜೀರ್ಣೋದ್ಧಾರಕ್ಕೆ ಒಂದಿಷ್ಟು ಇಸಕೊಂಡು ಸಹಿ ಹಾಕೋಣ" ಎನ್ನುವವರು ಕೆಲವರು. "ಫ್ಯಾನ್ ಬಂದರೆ ಮಳೆ ಹೋಗತೈತಿ, ಬ್ಯಾಡವೇ ಬ್ಯಾಡ" ಎನ್ನುತ್ತಾರೆ ಹಿರಿಯರು. ಮುಂದಿನ ತಿಂಗಳು ಸಭೆ. ನನ್ನ ವಾರ್ಡಿನಲ್ಲಿ ಹೊಲ ಇಲ್ಲದವರೇ ಹೆಚ್ಚು. ಅವರಿಗೆ ನಾನು ಏನು ಹೇಳಲಿ?

ಉತ್ತರ: ಲೀಸ್ ಕೊಟ್ಟವರಿಗೆ ವರ್ಷವರ್ಷ ಬಾಡಿಗೆ ಬರುತ್ತದೆ. ಫ್ಯಾನ್ ಸದ್ದು, ಲಾರಿಗಳ ಧೂಳು, ಕೆಟ್ಟ ದಾರಿ ಮಾತ್ರ ಎಲ್ಲರಿಗೂ ಬರುತ್ತವೆ. ಎರಡು ಕೋಣೆ, ಒಂದು ನೀರಿನ ಘಟಕ ಅದಕ್ಕೆ ಸಮವಾದೀತೇ, ಸಹಿ ಬಿದ್ದ ಮೇಲೆ ಯಾರನ್ನು ಕೇಳುವುದು ಎಂಬುದು ನಿಮ್ಮ ಚಿಂತೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನಾನು ಮೊದಲು ಇಂಧನ ಕಂಪನಿಯೊಂದರ ಸಮುದಾಯ ವಿಭಾಗದಲ್ಲಿ ಕೆಲಸ ಮಾಡಿದೆ, ಈಗ ಪಂಚಾಯಿತಿಗಳ ಪರವಾಗಿ ಇಂಥ ಮಾತುಕತೆಗಳಲ್ಲಿ ಕೂರುತ್ತೇನೆ. ಮೇಜಿನ ಎರಡೂ ಕಡೆ ಕೂತು ಕಂಡದ್ದನ್ನು ಹೇಳುತ್ತೇನೆ.

ಮೊದಲು ಆ ನೂರಕ್ಕೆ ಎರಡರ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಇರುವುದು ನಿಜ. ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಲೇಬೇಕು. ಇದನ್ನೇ ಸಿಎಸ್‌ಆರ್ ಎನ್ನುತ್ತೇವೆ. ಆದರೆ ಆ ಹಣ ಇಡೀ ಕಂಪನಿಯ ಲೆಕ್ಕದ್ದು. ಹತ್ತು ರಾಜ್ಯಗಳಲ್ಲಿ ಸ್ಥಾವರ ಇದ್ದರೆ ಹತ್ತೂ ಕಡೆಯವರು ಅದೇ ಗಂಟಿನ ಕಡೆ ನೋಡುತ್ತಿರುತ್ತಾರೆ. ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ, ನಿಜ. ಅದು ಕಡ್ಡಾಯವಲ್ಲ, ಮಾರ್ಗದರ್ಶನ ಮಾತ್ರ ಎಂದು ಕಂಪನಿ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಹಾಗಾಗಿ "ನಮ್ಮೂರಿಗೇ" ಎನ್ನುವ ಹಕ್ಕು ಈ ಕಲಮಿನಿಂದ ಹುಟ್ಟುವುದಿಲ್ಲ.

ಇದರೊಳಗೆ ಇನ್ನೊಂದು ಗಂಟಿದೆ, ಊರಿನವರಿಗೆ ಅದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಿಮ್ಮ ಹೊಲದ ಲೀಸ್ ಪತ್ರದಲ್ಲಿರುವ ಹೆಸರನ್ನು ಒಮ್ಮೆ ಓದಿ ನೋಡಿ. ಟಿವಿಯಲ್ಲಿ ಜಾಹೀರಾತು ಬರುವ ದೊಡ್ಡ ಕಂಪನಿಯ ಹೆಸರು ಬಹುಶಃ ಅಲ್ಲಿರುವುದಿಲ್ಲ. ಈ ಒಂದು ಯೋಜನೆಗೆಂದೇ ಹುಟ್ಟಿಸಿದ ಅಂಗಸಂಸ್ಥೆ ಇರುತ್ತದೆ. ಫ್ಯಾನ್, ಸಾಲ, ಕರೆಂಟ್ ಮಾರುವ ಕರಾರು ಎಲ್ಲ ಅದರ ಹೆಸರಿನಲ್ಲೇ. ಮೊದಲ ಕೆಲವು ವರ್ಷ ಬಡ್ಡಿ ಮತ್ತು ಸವಕಳಿ ಕಳೆದರೆ ಅದರ ಲೆಕ್ಕಪುಸ್ತಕದಲ್ಲಿ ಲಾಭವೇ ಕಾಣದೆ ಇರಬಹುದು. ಸೊನ್ನೆಯ ನೂರಕ್ಕೆ ಎರಡು ಸೊನ್ನೆಯೇ. ಮೂಲ ಕಂಪನಿ ತನ್ನ ಸಿಎಸ್‌ಆರ್‌ನಿಂದ ನಿಮ್ಮ ಶಾಲೆಗೆ ಕೋಣೆ ಕಟ್ಟಿಸಿದರೆ ಅದು ಅವರ ಆಯ್ಕೆ. ಒಳ್ಳೆಯ ಆಯ್ಕೆಯೇ, ತೆಗೆದುಕೊಳ್ಳಿ. ಅದನ್ನು ನಂಬಿ ಇಪ್ಪತ್ತೈದು ವರ್ಷದ ಲೆಕ್ಕ ಹಾಕಬೇಡಿ.

ಬಳ್ಳಾರಿ ಕಡೆ ನೆಂಟರಿದ್ದರೆ ಅವರು "ನಮ್ಮ ಗಣಿ ನಿಧಿಯಲ್ಲಿ ಕೋಟಿಗಟ್ಟಲೆ ಐತಿ" ಎಂದಿರಬಹುದು. ಅದು ಬೇರೆ ಕಾನೂನು. 2015ರ ತಿದ್ದುಪಡಿಯ ನಂತರ ಗಣಿ ಕಂಪನಿಗಳು ರಾಜಧನದ ಮೇಲೆ ಶೇ 10ರಿಂದ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟಲೇಬೇಕು. ಜಲವಿದ್ಯುತ್ತಿಗೂ 2008ರ ಕೇಂದ್ರ ನೀತಿಯಲ್ಲಿ ಸ್ಥಳೀಯ ಅಭಿವೃದ್ಧಿ ನಿಧಿಗೆಂದು ಶೇ 1ರಷ್ಟು ಉಚಿತ ವಿದ್ಯುತ್ ಎತ್ತಿಡುವ ಏರ್ಪಾಡಿದೆ. ಗಾಳಿಗೂ ಬಿಸಿಲಿಗೂ ದೇಶಮಟ್ಟದಲ್ಲಿ ಅಂಥ ಕಡ್ಡಾಯ ನಿಧಿ ಇಲ್ಲ. ಇದು ದೊಡ್ಡ ಕೊರತೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊರತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಲ್ಲಿದ್ದಲಿನ ದೊಡ್ಡ ಸ್ಥಾವರ ಬರುವುದಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಊರವರು ಮೈಕ್ ಹಿಡಿದು ಆಡಿದ ಮಾತು ದಾಖಲಾಗುತ್ತದೆ, ಕಂಪನಿ ಒಪ್ಪಿಕೊಂಡದ್ದು ಅನುಮತಿಯ ಷರತ್ತಾಗುತ್ತದೆ. ಪವನ ವಿದ್ಯುತ್ ಯೋಜನೆಗಳು ಆ ಅಧಿಸೂಚನೆಯ ಪಟ್ಟಿಯಲ್ಲೇ ಇಲ್ಲ. ಹೊಗೆ ಬಿಡುವುದಿಲ್ಲ ಎಂಬ ಕಾರಣಕ್ಕೆ ಸಿಕ್ಕ ವಿನಾಯಿತಿ ಅದು. ಅದರ ಜೊತೆಗೆ ಊರು ಮಾತಾಡುವ ಜಾಗವೂ ಹೋಯಿತು. ಆದ್ದರಿಂದ ನಿಮ್ಮ ಪಾಲಿಗೆ ಉಳಿದಿರುವ ಸಾರ್ವಜನಿಕ ವೇದಿಕೆ ಎಂದರೆ ವಾರ್ಡ್ ಸಭೆ ಮತ್ತು ಗ್ರಾಮ ಸಭೆ. ಮುಂದಿನ ತಿಂಗಳ ಸಭೆಯನ್ನು ಸಹಿ ಹಾಕುವ ಶಾಸ್ತ್ರ ಎಂದುಕೊಳ್ಳಬೇಡಿ. ಊರಿನ ಮಾತು ದಾಖಲೆಗೆ ಹೋಗಲು ಇರುವ ದಾರಿ ಅದೊಂದೇ.

ಮಳೆಯ ಬಗ್ಗೆ ಹಿರಿಯರಿಗೆ ಗೌರವದಿಂದಲೇ ಹೇಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಫ್ಯಾನ್ ಬಂದಾಗಿನಿಂದ ಈ ಮಾತು ಕೇಳುತ್ತಿದ್ದೇನೆ. ಮಳೆ ತರುವ ಮೋಡದ ವ್ಯವಸ್ಥೆ ನೂರಾರು ಕಿಲೋಮೀಟರ್ ಹರಡಿರುತ್ತದೆ, ನೆಲದಿಂದ ನೂರೋ ಇನ್ನೂರೋ ಮೀಟರ್ ಎತ್ತರದಲ್ಲಿ ತಿರುಗುವ ರೆಕ್ಕೆ ಅದನ್ನು ಓಡಿಸಲಾರದು. ಆದರೆ ಸದ್ದು ನಿಜ. ಬೆಳಗ್ಗೆ, ಸಂಜೆ ಓರೆ ಬಿಸಿಲಿನಲ್ಲಿ ಮನೆ ಗೋಡೆಯ ಮೇಲೆ ಹಾದುಹೋಗುವ ರೆಕ್ಕೆಯ ನೆರಳೂ ನಿಜ. ಸದ್ದಿನ ತೊಂದರೆ ತಗ್ಗಿಸಲು ವಾಸದ ಮನೆಗಳಿಂದ ಫ್ಯಾನ್ ಕನಿಷ್ಠ 500 ಮೀಟರ್ ದೂರ ಇರಬೇಕು ಎಂದು ಕೇಂದ್ರದ 2016ರ ಮಾರ್ಗಸೂಚಿ ಹೇಳುತ್ತದೆ. ಮಳೆಯ ಮಾತು ಹಿಡಿದು ಕೂತರೆ ಕಂಪನಿಯವರು ನಕ್ಕು ಮುಂದೆ ಹೋಗುತ್ತಾರೆ. ನಕ್ಷೆ ಹಾಸಿ "ಹೊಲದ ಮನೆಗಳಿಂದ ಅಳೆದು ತೋರಿಸಿ" ಎಂದರೆ ನಿಲ್ಲಲೇಬೇಕಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಂಪನಿಯಿಂದ ಊರಿಗೆ ಬರುವ ಹಣ ಒಂದೇ ಬಗೆಯದಲ್ಲ. ಒಂದು, ಕೊಡಲೇಬೇಕಾದ ಬಾಕಿ: ಹೊಲದ ಬಾಡಿಗೆ, ಬೆಳೆ ನಷ್ಟ, ಕ್ರೇನ್ ದಾಟಿಸಲು ಒಡೆದ ಒಡ್ಡಿನ ರಿಪೇರಿ, ಕೆಟ್ಟ ರಸ್ತೆ, ಪಂಚಾಯಿತಿಗೆ ಸಲ್ಲಬೇಕಾದ ಕರ ಮತ್ತು ಶುಲ್ಕ, ತಂತಿ ಹಾದುಹೋಗುವ ಹೊಲಕ್ಕೆ ಪರಿಹಾರ. ಇನ್ನೊಂದು ದಾನ: ಸಿಎಸ್‌ಆರ್‌ನ ಕೋಣೆ, ಶಿಬಿರ, ನೋಟ್‌ಬುಕ್. ಇವೆರಡರ ನಡುವೆ ಮೂರನೆಯದು, ಒಪ್ಪಂದದ ಪಾಲು. ಕಾನೂನು ಕಡ್ಡಾಯ ಮಾಡಿಲ್ಲ, ಆದರೆ ಬರೆದು ಸಹಿ ಹಾಕಿದರೆ ಕೊಡಲೇಬೇಕಾದೀತು.

ನಾನು ನೋಡಿದ ಊರುಗಳಲ್ಲಿ ಜಗಳ ಹುಟ್ಟಿದ್ದು ಬಹುಪಾಲು ದಾನವನ್ನು ತೋರಿಸಿ ಬಾಕಿಯನ್ನು ಮರೆಸಿದ ಕಡೆ. "ಶಾಲೆ ಕಟ್ಟಿಸಿಕೊಟ್ಟೇವಲ್ಲ, ಮತ್ತೆ ರಸ್ತೆ ರಿಪೇರಿ ಯಾಕೆ ಕೇಳ್ತೀರಿ?" ಎಂಬ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಇದಕ್ಕೆ ಉತ್ತರ ಸಿಎಸ್‌ಆರ್ ನಿಯಮದಲ್ಲೇ ಇದೆ. ಕಂಪನಿಯ ಮಾಮೂಲಿ ವ್ಯವಹಾರಕ್ಕೆ ಬೇಕಾದ ಖರ್ಚು, ಬೇರೆ ಕಾನೂನಿನ ಪ್ರಕಾರ ಕೊಡಬೇಕಾದ ಹಣ, ಇವು ಯಾವುವೂ ಸಿಎಸ್‌ಆರ್ ಲೆಕ್ಕಕ್ಕೆ ಬರುವಂತಿಲ್ಲ. ಲಾರಿ ಓಡಿಸಿ ಕೆಡಿಸಿದ ರಸ್ತೆಗೆ ಡಾಂಬರು ಹಾಕುವುದು ಸಮಾಜಸೇವೆ ಅಲ್ಲ. ಎರೆಭೂಮಿಯಲ್ಲಿ ಒಡ್ಡು ಒಡೆದರೆ ಒಂದು ದೊಡ್ಡ ಮಳೆಗೆ ಮೇಲ್ಮಣ್ಣು ಕೊಚ್ಚಿ ಕೆಳಗಿನವರ ಕಡಲೆ ಹೊಲಕ್ಕೆ ನುಗ್ಗುತ್ತದೆ. ಆ ಕೆಳಗಿನ ಹೊಲದವರು ಲೀಸ್ ಕೊಟ್ಟವರೇ ಆಗಿರಬೇಕಿಲ್ಲ. ಅವರ ಹೆಸರು ಯಾವ ಪತ್ರದಲ್ಲೂ ಇರುವುದಿಲ್ಲ. ಹಾಗಾಗಿ ಕೆಲಸ ಶುರುವಾಗುವ ಮೊದಲೇ ಪಿಡಿಒ, ಇಬ್ಬರು ಸದಸ್ಯರು, ಕಂಪನಿಯ ಎಂಜಿನಿಯರ್ ಎಲ್ಲರೂ ಕೂಡಿ ನಡೆದು, ಎಲ್ಲ ದಾರಿ, ಒಡ್ಡು, ಹಳ್ಳದ ಫೋಟೊ ತೆಗೆದು ಸಹಿ ಹಾಕಿಸಿಕೊಳ್ಳಿ. ಒಂದು ದಿನದ ಕೆಲಸ ಅಷ್ಟೇ. ಇದನ್ನು ಮಾಡಿದ ಊರಲ್ಲಿ ಮುಂದೆ ವಾದವೇ ಬರಲಿಲ್ಲ.

ತಂತಿಯ ವಿಷಯ ಬೇಗ ಮುಗಿಸುತ್ತೇನೆ. 66 ಕೆವಿ (ಕಿಲೋವೋಲ್ಟ್) ಮತ್ತು ಮೇಲ್ಪಟ್ಟ ವಿದ್ಯುತ್ ಮಾರ್ಗಗಳಿಗೆ ಕೇಂದ್ರ ವಿದ್ಯುತ್ ಸಚಿವಾಲಯ 2024ರಲ್ಲಿ ಹೊಸ ಮಾರ್ಗಸೂಚಿ ತಂದು, ಗೋಪುರ ನಿಲ್ಲುವ ಜಾಗಕ್ಕೆ ಭೂಮಿ ಬೆಲೆಯ ಶೇ 200, ತಂತಿ ಕೆಳಗಿನ ನೆಲದ ಪಟ್ಟಿಗೆ ಶೇ 30 ಎಂದು ಸೂಚಿಸಿದೆ. ನಿಮ್ಮ ಜಿಲ್ಲೆಯಲ್ಲಿ ಯಾವ ದರ ಜಾರಿಯಲ್ಲಿದೆ ಎಂದು ಜಿಲ್ಲಾಧಿಕಾರಿ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಏಜೆಂಟ್ ಬಾಯಿಂದ ಬಂದ ದರವನ್ನು ನಂಬಬೇಡಿ.

ಕಂಪನಿಗಳು ಯಾವಾಗಲೂ ಕೋಣೆ, ನೀರಿನ ಘಟಕ, ಶಿಬಿರ ಇವನ್ನೇ ಯಾಕೆ ತರುತ್ತವೆ ಎಂದು ಕೇಳಬಹುದು. ಕೆಟ್ಟ ಮನಸ್ಸಿನಿಂದ ಅಲ್ಲ. ಸಿಎಸ್‌ಆರ್ ಹಣ ಮಾರ್ಚ್ 31ರೊಳಗೆ ಖರ್ಚಾಗಬೇಕು. 2021ರ ನಂತರ ನಿಯಮ ಬಿಗಿಯಾಗಿದೆ, ಬಹುವರ್ಷ ಯೋಜನೆಯದ್ದಲ್ಲದ ಉಳಿದ ಹಣವನ್ನು ಆರು ತಿಂಗಳಲ್ಲಿ ಕಾಯ್ದೆಯಲ್ಲಿ ಹೆಸರಿಸಿದ ಸರ್ಕಾರಿ ನಿಧಿಗೆ ಕಟ್ಟಬೇಕು. ಹಾಗಾಗಿ ಬೇಗ ಮುಗಿಯುವ, ಫೋಟೊ ತೆಗೆಯಬಹುದಾದ ಕೆಲಸಕ್ಕೇ ಕೈ ಹೋಗುತ್ತದೆ. ಸಿಎಸ್‌ಆರ್ ತಂಡ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುತ್ತದೆ. ನಿಮ್ಮೂರಿಗೆ ದಿನಾ ಬರುವ ಲ್ಯಾಂಡ್ ತಂಡದ ಹುಡುಗರಿಗೆ ಆ ಹಣದ ಮೇಲೆ ಹಿಡಿತವಿಲ್ಲ. ಅವರಿಗಿರುವ ಗುರಿ ಇಂತಿಷ್ಟು ತಿಂಗಳಲ್ಲಿ ಇಂತಿಷ್ಟು ಜಾಗ. ಅವರು "ಆಗ್ತದೆ ಸರ್, ಮಾಡಿಸೋಣ" ಎಂದದ್ದು ಮೇಲಿನವರಿಗೆ ಗೊತ್ತೇ ಇರುವುದಿಲ್ಲ. ನಾನೂ ಹಿಂದೆ ಹಾಗೆ ಮಾತು ಕೊಟ್ಟು, ಮೇಲಿಂದ ಒಪ್ಪಿಗೆ ಸಿಗದೆ, ಆ ಊರಿನ ದಾರಿಯಲ್ಲಿ ಹೋಗಲು ಸಂಕೋಚಪಟ್ಟ ದಿನಗಳಿವೆ. ಆ ಊರಿನ ನೀರಿನ ಘಟಕ ಎರಡೇ ವರ್ಷಕ್ಕೆ ನಿಂತುಹೋಯಿತು. ನೀರು ಸೋಸುವ ಮೆಂಬ್ರೇನ್ ಬದಲಿಸುವವರು ಯಾರು, ಕರೆಂಟ್ ಬಿಲ್ ಕಟ್ಟುವವರು ಯಾರು ಎಂದು ಎಲ್ಲೂ ಬರೆದಿರಲಿಲ್ಲ. ನಿಮ್ಮ ಕಡೆ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಘಟಕ ಬೇಡ ಎನ್ನಲಾರೆ. ಅದನ್ನು ಒಂದೇ ವರ್ಷದ ಕೆಲಸ ಎಂದು ತೋರಿಸದೆ ಸಿಎಸ್‌ಆರ್ ನಿಯಮದಲ್ಲೇ ಅವಕಾಶವಿರುವ ಬಹುವರ್ಷ ಯೋಜನೆಯಾಗಿ ಮಂಜೂರು ಮಾಡಿಸಿ, ನಿರ್ವಹಣೆಯನ್ನೂ ಅದರಲ್ಲಿ ಸೇರಿಸಿ ಎಂದು ಕೇಳಿ.

ಗುಡಿಯ ದೇಣಿಗೆ ಕೇಳುವವರ ಭಾವನೆ ನನಗೆ ಅರ್ಥವಾಗುತ್ತದೆ, ಗುಡಿ ಊರಿನ ಎಲ್ಲರದ್ದು. ತೊಂದರೆ ಏನೆಂದರೆ, ಪೂಜೆಯ ಗುಡಿ ಕಟ್ಟುವುದು ಸಿಎಸ್‌ಆರ್ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಹಣ ಬೇರೆ ಯಾವುದೋ ಲೆಕ್ಕದಿಂದ, ಕೈಯಿಂದ ಕೈಗೆ, ರಸೀದಿ ಇಲ್ಲದೆ ಬರುತ್ತದೆ. ಎಷ್ಟು ಬಂತು, ಯಾರು ಇಸಕೊಂಡರು ಎಂಬ ಜಗಳದಲ್ಲಿ ಊರು ಎರಡು ಹೋಳಾದದ್ದನ್ನು ನೋಡಿದ್ದೇನೆ. ಕಂಪನಿ ಭಕ್ತಿಯಿಂದ ಕೊಡುವುದಾದರೆ ಫ್ಯಾನ್ ತಿರುಗಲು ಶುರುವಾದ ಮೇಲೆ, ಟ್ರಸ್ಟ್ ಖಾತೆಗೆ ಚೆಕ್ಕಿನಲ್ಲಿ ಕೊಡಲಿ. ಎನ್‌ಒಸಿಗೂ ಅದಕ್ಕೂ ನಂಟು ಬೇಡ.

ಹೊಲ ಇಲ್ಲದವರ ವಿಷಯಕ್ಕೆ ಪಾವಗಡ ನೋಡಿ. ತುಮಕೂರು ಜಿಲ್ಲೆಯ ಆ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. 2019ರ ಕೊನೆಗೆ ಪೂರ್ಣವಾಯಿತು. ತಿರುಮಣಿ ಸುತ್ತಲಿನ ಐದು ಊರುಗಳ ರೈತರಿಂದ ಭೂಮಿ ಕೊಳ್ಳದೆ 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ಮೇಲೆ ಬರ ಕಂಡ ಸೀಮೆಯಲ್ಲಿ ಭೂಮಿ ಉಳಿಸಿಕೊಂಡೇ ಆದಾಯ ಸಿಕ್ಕಿತಲ್ಲ, ಅದು ನಿಜವಾಗಿ ಒಳ್ಳೆಯ ಏರ್ಪಾಡು, ದೇಶವೆಲ್ಲ ಅದನ್ನು ನೋಡಿ ಕಲಿತಿದೆ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಶೇಂಗಾ ಕೀಳಲು ಹೋಗುತ್ತಿದ್ದ ಕೂಲಿಯವರಿಗೆ, ಬೀಳು ಬಿಟ್ಟ ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು. ಹುಲ್ಲು ಕೀಳುವ, ಪ್ಯಾನೆಲ್ ಒರೆಸುವ, ಕಾವಲು ಕಾಯುವ ಕೆಲಸ ಒಂದಿಷ್ಟು ಜನರಿಗೆ ಸಿಕ್ಕಿತು, ಎಲ್ಲರಿಗೂ ಸಾಲಲಿಲ್ಲ.

ನಿಮ್ಮಲ್ಲಿ ಪರಿಸ್ಥಿತಿ ಅಷ್ಟು ಬಿಗಿಯಿಲ್ಲ. ಫ್ಯಾನ್ ಬುಡ ಮತ್ತು ದಾರಿ ಬಿಟ್ಟರೆ ಉಳಿದ ಹೊಲ ಉಳುಮೆಗೆ ಸಿಗುತ್ತದೆ, ಕುರಿಯೂ ಮೇಯಬಹುದು. ಆದರೆ ಅದನ್ನೂ ಬರೆಸಿಕೊಳ್ಳಿ: ದಾರಿಗೆ ಗೇಟ್ ಹಾಕುವಂತಿಲ್ಲ, ಕುರಿ ಹಿಂಡು ದಾಟಲು ತಡೆಯುವಂತಿಲ್ಲ. ಉದ್ಯೋಗದ ಮಾತನ್ನು ಮಾತ್ರ ಅಳೆದು ತೂಗಿ ಆಡಿ. ಕಟ್ಟುವಾಗ ಕೆಲವು ತಿಂಗಳು ಕೆಲಸ ಇರುತ್ತದೆ. ಆಮೇಲೆ ಉಳಿಯುವುದು ಕಾವಲಿನವರು, ಕೆಲವು ತಂತ್ರಜ್ಞರು, ಅಷ್ಟೇ. "ಮನೆಗೊಂದು ನೌಕರಿ" ಎಂದು ಯಾರಾದರೂ ಹೇಳಿದರೆ ಎಷ್ಟು, ಯಾವ ಹುದ್ದೆ, ಯಾವ ಗುತ್ತಿಗೆದಾರರ ಕೈಕೆಳಗೆ, ಪಿಎಫ್ ಇದೆಯೇ ಎಂದು ಸಭೆಯಲ್ಲೇ ಕೇಳಿ.

ನಿಮ್ಮ ಮುಂದಿರುವ ದಾರಿಗಳಲ್ಲಿ ಎನ್‌ಒಸಿ ಕೊಡದೇ ಇರುವುದೂ ಒಂದು. ಕೊಡದಿದ್ದರೆ ಯೋಜನೆಯೇ ನಿಲ್ಲುತ್ತದೆ ಎಂದು ನಂಬಬೇಡಿ. ವಿಷಯ ಮೇಲಿನ ಕಚೇರಿಗೆ ಹೋಗುತ್ತದೆ, ಲೀಸ್ ಆಸೆಯಲ್ಲಿರುವ ನಿಮ್ಮೂರ ರೈತರೇ ನಿಮ್ಮ ಮೇಲೆ ಮುನಿಯುತ್ತಾರೆ. ಹೇಳಿದ್ದನ್ನೆಲ್ಲ ಒಪ್ಪಿ ಸಿಎಸ್‌ಆರ್ ಕೆಲಸ ತೆಗೆದುಕೊಳ್ಳುವುದು ಸುಲಭ. ಎರಡು ವರ್ಷ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಕೇಳಲು ಕೈಯಲ್ಲಿ ಕಾಗದವಿರುವುದಿಲ್ಲ. ನಾನು ಹೇಳುವುದು ಷರತ್ತಿನ ಒಪ್ಪಿಗೆ: ವಿದ್ಯುತ್ ಉತ್ಪಾದನೆಗೆ ಕಟ್ಟಿದ ವಾರ್ಷಿಕ ಪಾಲು ಕೇಳಿ.

ಲೆಕ್ಕ ಹೀಗಿದೆ. 100 ಮೆಗಾವ್ಯಾಟ್ ಯೋಜನೆ ಶೇ 30ರ ಸಾಮರ್ಥ್ಯದಲ್ಲಿ ಓಡಿದರೆ ವರ್ಷಕ್ಕೆ ಸುಮಾರು 26 ಕೋಟಿ ಯೂನಿಟ್. ಯೂನಿಟ್‌ಗೆ ಒಂದು ಪೈಸೆ ಎಂದರೆ 26 ಲಕ್ಷ ರೂಪಾಯಿ. 30ರಲ್ಲಿ 9 ಫ್ಯಾನ್ ನಿಮ್ಮದು, ಅಂದರೆ ಸುಮಾರು ಎಂಟು ಲಕ್ಷ ವರ್ಷವರ್ಷ. ಯೂನಿಟ್ ಮೂರು ರೂಪಾಯಿ ಆಸುಪಾಸಿನಲ್ಲಿ ಮಾರಾಟವಾದರೂ ಇದು ಕಂಪನಿಯ ಆದಾಯದಲ್ಲಿ ನೂರು ರೂಪಾಯಿಗೆ ಮೂವತ್ತಮೂರು ಪೈಸೆ ಮಾತ್ರ. ಇದು ಹೊಸ ಕಲ್ಪನೆಯೂ ಅಲ್ಲ. ಜರ್ಮನಿಯಲ್ಲಿ ಫ್ಯಾನ್‌ನಿಂದ ಎರಡೂವರೆ ಕಿಲೋಮೀಟರ್ ಒಳಗಿನ ಸ್ಥಳೀಯ ಸಂಸ್ಥೆಗಳಿಗೆ ಯೂನಿಟ್‌ಗೆ 0.2 ಯೂರೋ ಸೆಂಟ್‌ವರೆಗೆ ಕೊಡಲು ಕಾನೂನೇ ದಾರಿ ಮಾಡಿದೆ. ಸ್ಕಾಟ್ಲೆಂಡ್‌ನಲ್ಲಿ ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್ ಕೊಡುವ ಪದ್ಧತಿ ಕಾನೂನಿನ ಬಲವಂತವಿಲ್ಲದೆಯೇ ಬೆಳೆದಿದೆ. ಅಲ್ಲಿನ ವಿದ್ಯುತ್ ದರ ಬೇರೆ, ಅದನ್ನೇ ಇಲ್ಲಿ ಕೇಳಲಾಗದು. ಒಂದು ಪೈಸೆ ಕೇಳಬಹುದು.

ಕಂಪನಿ ಒಪ್ಪದೆ ಹೋಗಬಹುದು. "ದರ ಆಗಲೇ ಟೆಂಡರಿನಲ್ಲಿ ನಿಗದಿಯಾಗಿದೆ, ಇನ್ನು ಜಾಗವಿಲ್ಲ" ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಅರ್ಧ ಪೈಸೆಗೆ ಇಳಿಯಿರಿ, ಆದರೆ ವರ್ಷವರ್ಷ ಬರುವುದನ್ನು ಬಿಟ್ಟು ಒಂದೇ ಸಲದ ದೊಡ್ಡ ಮೊತ್ತಕ್ಕೆ ಒಪ್ಪಬೇಡಿ. ಹಣ ಬಂದ ಮೇಲೆ ಇನ್ನೊಂದು ಅಪಾಯ ಊರೊಳಗಿನದು. ಅಧ್ಯಕ್ಷರು ಎರಡೂವರೆ ವರ್ಷಕ್ಕೆ ಬದಲಾಗುತ್ತಾರೆ. ಆ ಹಣ ಮಾಮೂಲಿ ಖರ್ಚಿನಲ್ಲಿ ಕರಗಿಹೋಗಬಾರದು. ಪ್ರತ್ಯೇಕ ಖಾತೆ, ಭೂಹೀನರೂ ಮಹಿಳೆಯರೂ ಇರುವ ಸಮಿತಿ, ಪ್ರತಿ ಗ್ರಾಮ ಸಭೆಯಲ್ಲಿ ಜಮಾ ಖರ್ಚು ಓದುವುದು, ಇಷ್ಟನ್ನು ಠರಾವಿನಲ್ಲೇ ಬರೆಯಿರಿ. ಅರ್ಧ ಪಾಲಾದರೂ ಹೊಲ ಇಲ್ಲದ ಮನೆಗಳಿಗೆ ಉಪಯೋಗವಾಗುವ ಕೆಲಸಕ್ಕೆ ಎಂದು ಸೇರಿಸಿ. ನಿಮ್ಮ ವಾರ್ಡಿನವರಿಗೆ ನೀವು ಹೇಳಬಹುದಾದ ಗಟ್ಟಿ ಮಾತು ಅದು.

ಕಾಗದ ಎಲ್ಲಿರಬೇಕು ಎಂಬುದೂ ಮುಖ್ಯ. ಈ ಯೋಜನೆಗಳು ಕೈ ಬದಲಾಗುತ್ತವೆ, ಇಂದು ಕಟ್ಟಿದವರು ಐದು ವರ್ಷದಲ್ಲಿ ಇನ್ನೊಬ್ಬರಿಗೆ ಮಾರಬಹುದು. ಹೊಸಬರು "ಅದು ಹಳೆಯವರ ಮಾತು" ಎನ್ನುತ್ತಾರೆ. ಆದರೆ ಲೀಸ್ ಪತ್ರವನ್ನು ಬಿಟ್ಟು ಯಾರೂ ಯೋಜನೆ ಕೊಳ್ಳಲಾರರು. ಹಾಗಾಗಿ ಊರಿನ ಒಪ್ಪಂದವನ್ನು ನೋಂದಣಿಯಾಗುವ ಲೀಸ್ ಪತ್ರಗಳಿಗೆ ಅನುಬಂಧವಾಗಿ ಸೇರಿಸಿ, ಯೋಜನೆ ಕೊಂಡವರಿಗೂ ಅನ್ವಯ ಎಂಬ ಸಾಲು ಹಾಕಿಸಿ. ಲೀಸ್ ಇನ್ನೂ ಪೂರ್ತಿ ಮುಗಿದಿಲ್ಲ ಎಂದಿದ್ದೀರಿ, ಇನ್ನೂ ಸಮಯವಿದೆ. ಗದಗದಲ್ಲಿ ಒಬ್ಬ ವಕೀಲರಿಗೆ ಎರಡು ದಿನ ಕೂತು ಓದಲು ಕೊಡಿ.

ಆಮೇಲೆ ಕಂಪನಿ ಮಾತು ತಪ್ಪಿದರೆ ದೂರನ್ನು ಫೋನಿನಲ್ಲಿ ಹೇಳಬೇಡಿ, ಬರೆದು ಸ್ವೀಕೃತಿ ಪಡೆಯಿರಿ. ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು ಸಮುದಾಯಗಳಿಂದ ಎಷ್ಟು ದೂರು ಬಂದವು, ಎಷ್ಟು ಬಾಕಿ ಇವೆ ಎಂದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಪ್ರತಿ ವರ್ಷ ಪ್ರಕಟಿಸಬೇಕು. ಬರೆದ ದೂರು ಆ ಪಟ್ಟಿಯಲ್ಲಿ ಒಂದು ಅಂಕಿಯಾಗುತ್ತದೆ, ಮುಖ್ಯ ಕಚೇರಿಯವರ ಕಣ್ಣಿಗೆ ಬೀಳುತ್ತದೆ. ಸಾಲ ಕೊಟ್ಟವರು ಯಾರು ಎಂದೂ ಕೇಳಿ. ವಿಶ್ವಬ್ಯಾಂಕ್ ಬಳಗದ ಐಎಫ್‌ಸಿಯಂಥ ಸಂಸ್ಥೆ ಇದ್ದರೆ ಸ್ಥಳೀಯರ ಅಹವಾಲು ಕೇಳುವ ವ್ಯವಸ್ಥೆ ಇಡುವುದು ಸಾಲದ ಷರತ್ತಿನಲ್ಲೇ ಇರುತ್ತದೆ. ಗುಜರಾತಿನ ಮುಂದ್ರಾದ ಮೀನುಗಾರರು ಅಲ್ಲಿನ ಕಲ್ಲಿದ್ದಲು ಸ್ಥಾವರಕ್ಕೆ ಸಾಲ ಕೊಟ್ಟ ಇದೇ ಐಎಫ್‌ಸಿ ವಿರುದ್ಧ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಅಂಥ ಸಂಸ್ಥೆಗಳಿಗೆ ಮೊಕದ್ದಮೆಯಿಂದ ಪೂರ್ಣ ವಿನಾಯಿತಿ ಇಲ್ಲ ಎಂಬ ತೀರ್ಪನ್ನು 2019ರಲ್ಲಿ ಪಡೆದರು. ಮುಂದೆ ಕೆಳಗಿನ ನ್ಯಾಯಾಲಯಗಳಲ್ಲಿ ಆ ಮೊಕದ್ದಮೆ ನಿಲ್ಲಲಿಲ್ಲ, ಪರಿಹಾರ ಅವರ ಕೈಗೆ ಬರಲಿಲ್ಲ. ಅದಕ್ಕೇ ನಾನು ಎನ್‌ಒಸಿಗೆ ಮೊದಲೇ ಬರೆಸಿಕೊಳ್ಳಿ ಎಂದು ಒತ್ತಿ ಹೇಳುವುದು. ಫ್ಯಾನ್ ನಿಂತ ಮೇಲೆ ಅವರಿಗೆ ನಿಮ್ಮ ಸಹಿಯ ಅಗತ್ಯ ಇರುವುದಿಲ್ಲ.

ಕೊನೆಗೆ ಸಭೆಯ ದಿನದ ಬಗ್ಗೆ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿ ಹೆಣ್ಣುಮಕ್ಕಳು ಹೊಲದಲ್ಲಿರುತ್ತಾರೆ, ಕುರಿಗಾರರು ಹಿಂಡಿನ ಜೊತೆ ಬೇರೆ ಸೀಮೆಗೆ ಹೋಗಿರಬಹುದು. ಮೊದಲು ನಿಮ್ಮ ವಾರ್ಡ್ ಸಭೆಯನ್ನು ಸಂಜೆ ಏಳರ ಮೇಲೆ ಕರೆಯಿರಿ, ಡಂಗುರ ಸಾರಿಸಿ. ಕುರಿಗಾರರು ಊರಿಗೆ ಯಾವಾಗ ಮರಳುತ್ತಾರೆ ಎಂದು ಅವರ ಮನೆಯವರನ್ನು ವಿಚಾರಿಸಿ, ಗ್ರಾಮ ಸಭೆಯ ತಾರೀಖನ್ನು ಅದಕ್ಕೆ ಹೊಂದಿಸಲು ಪಿಡಿಒ ಅವರಿಗೆ ಈ ವಾರವೇ ಪತ್ರ ಕೊಡಿ.